ದಾರಕ್ಕೆ ಕಟ್ಟಿದ ಕೆಂಪು ಪೆನ್ಸಿಲು

ನಾಲ್ಕೇ ಬೋಲ್ಟು. ಮೆತೋಡಿ ಗುರ್ಕೋವ್ ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಗೋಡೆಯ ಮೇಲಿನ ನಕ್ಷೆಯನ್ನು ನೋಡಿದ. ಆಗಲೂ ನಾಲ್ಕೇ. ಸೇತುವೆಯ ಉಕ್ಕಿನ ಹಗ್ಗವನ್ನು ದಡದ ಕಾಂಕ್ರೀಟಿಗೆ ಬಿಗಿಯುವ ಕಡೆ ಎಂಟಿರಬೇಕಿತ್ತು. ಎಡಬಲ ಎರಡೂ ಒಂದೇ ತರದ ಸೇತುವೆ. ಎಲ್ಲ ಇಂಜಿನಿಯರುಗಳಂತೆ ಅದನ್ನು ರೂಪಿಸಿದ ಲ್ಯುಬೆನ್ ತಾಶೆವ್ ಕೂಡ ಅರ್ಧಕ್ಕಷ್ಟೇ ಲೆಕ್ಕ ಹಾಕಿದ್ದ. ಕೊನೆಯಲ್ಲಿ ಎರಡರಿಂದ ಗುಣಿಸುವುದನ್ನು ಮರೆತಿದ್ದ. ಮೊದಲ ವರ್ಷದ ಹುಡುಗರು ಮಾಡಿ ಬೈಸಿಕೊಳ್ಳುವ ತಪ್ಪು.

ಮೆತೋಡಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಚೆ ಕಚೇರಿಯ ಮಹಡಿಯ ಮೇಲಿನ ಸಂಘದ ಎರಡು ಕೋಣೆಗಳಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ಅವನ ಮುಖ ನೋಡಿ ಲಾಟರಿ ಹೊಡೆದಿದೆ ಎಂದುಕೊಳ್ಳುತ್ತಿದ್ದರು.

ಊರಿನ ಇಂಜಿನಿಯರುಗಳ ಸಂಘದಲ್ಲಿ ಐವತ್ತು ವರ್ಷದಿಂದ ಒಂದು ಕಟ್ಟಳೆಯಿದೆ. ಸದಸ್ಯರು ಏನೇ ಕಟ್ಟುವುದಿದ್ದರೂ ಅದರ ನಕ್ಷೆ ಗುರುವಾರದಿಂದ ಗುರುವಾರದವರೆಗೆ ಗೋಡೆಯ ಮೇಲೆ ತೂಗಬೇಕು. ಪಕ್ಕದ ಮೊಳೆಯಲ್ಲಿ ದಾರಕ್ಕೆ ಕಟ್ಟಿದ ಕೆಂಪು ಪೆನ್ಸಿಲು. ತಪ್ಪು ಕಂಡವರು ಅದಕ್ಕೆ ಸುತ್ತು ಹಾಕಿ ಹೆಸರು ಬರೆದು, ಮುಂದಿನ ಸಭೆಯಲ್ಲಿ ಎಲ್ಲರೆದುರು ಬಿಡಿಸಿ ಹೇಳಬೇಕು. ತಿದ್ದಿದ ಮೇಲೆ ಆ ತಪ್ಪಿನ ಮಾತನ್ನು ಮತ್ತೆ ಯಾರೂ ಎಲ್ಲೂ ಎತ್ತಕೂಡದು.

ಮೆತೋಡಿ ಪೆನ್ಸಿಲನ್ನು ಕೈಗೆ ತೆಗೆದುಕೊಂಡ. ಆಮೇಲೆ ಬಿಟ್ಟುಬಿಟ್ಟ. ಅದು ದಾರದಲ್ಲಿ ಸ್ವಲ್ಪ ಹೊತ್ತು ಓಲಾಡಿ ನಿಂತಿತು.

ಇಬ್ಬರೂ ಸೋಫಿಯಾದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಓದಿದ್ದೆಲ್ಲ ಮೆತೋಡಿ, ಹೆಸರು ಬಂದದ್ದೆಲ್ಲ ಲ್ಯುಬೆನ್‌ಗೆ. ಮೆತೋಡಿಯ ಲೆಕ್ಕದ ಪ್ರಕಾರವಂತೂ ಹಾಗೆ. ಪ್ರವಾಹಕ್ಕೆ ಕೊಚ್ಚಿಹೋದ ಕಾಲುಸೇತುವೆಯ ಜಾಗದಲ್ಲಿ ಹೊಸದೊಂದು ಬೇಕೆಂದಾಗ ನಗರಸಭೆಗೆ ಇಬ್ಬರೂ ನಕ್ಷೆ ಕೊಟ್ಟಿದ್ದರು. ಮೆತೋಡಿಯದು ನಾಲ್ಕು ಕಂಬದ ಮೇಲೆ ನಿಲ್ಲುವ ಗಟ್ಟಿಮುಟ್ಟಾದ ಸೇತುವೆ. ಲ್ಯುಬೆನ್‌ನದು ಯಾಂತ್ರಾ ಹೊಳೆಯೊಳಗೆ ಒಂದೂ ಕಾಲಿಡದೆ ಎರಡು ಹಗ್ಗದ ಮೇಲೆ ತೂಗುವಂಥದು. ಮೇಯರಮ್ಮ ಎರಡನ್ನೂ ಅಕ್ಕಪಕ್ಕ ಇಟ್ಟು, "ಇದು ಸೇತುವೆ. ಅದು ದನದ ಕೊಟ್ಟಿಗೆ" ಎಂದು ನಕ್ಕಳಂತೆ. ಈ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿ ಮೆತೋಡಿಯ ಕಿವಿಗೆ ಮೂರು ಸಲ ಬಿತ್ತು.

ಪೆನ್ಸಿಲು ಬಿಟ್ಟುಬಂದ ಆ ರಾತ್ರಿ ಊಟಕ್ಕೆ ಕೂತವನು ಬೀನ್ಸ್ ಸಾರನ್ನು ಸುಮ್ಮನೆ ಕಲಕುತ್ತಿದ್ದ.

"ಯಾಕೆ, ಸೇರ್ತಿಲ್ವಾ? ಲ್ಯುಬೆನ್ ಮತ್ತೇನು ಮಾಡಿದ?" ಎಂದಳು ಹೆಂಡತಿ ದೋನ್ಕಾ.

"ಅವನ ಹೆಸರು ಎತ್ತಬೇಡ."

"ಎತ್ತೋನು ನೀನು. ಮೂವತ್ತು ವರ್ಷದಿಂದ ಈ ಮನೇಲಿ ನನ್ನ ಹೆಸರಿಗಿಂತ ಅವನ ಹೆಸರೇ ಜಾಸ್ತಿ ಕೇಳ್ಸುತ್ತೆ. ಅವನನ್ನೇ ಕಟ್ಕೋಬೇಕಿತ್ತು ನೀನು."

ಮುಂದಿನ ಗುರುವಾರ ಮೆತೋಡಿ ನೆಗಡಿಯೆಂದು ಹೇಳಿ ಕಳಿಸಿ ಸಭೆಗೆ ಹೋಗಲಿಲ್ಲ. ಲ್ಯುಬೆನ್‌ನ ಬೆನ್ನು ತಟ್ಟಿ ರಕಿಯಾ ಕುಡಿಯುವವರನ್ನು ನೋಡುವ ಶಕ್ತಿ ಅವನಿಗಿರಲಿಲ್ಲ. ಸೇತುವೆಯ ಕೆಲಸ ಶುರುವಾದ ಮೇಲೆ ಹೊಳೆಯ ಕಡೆ ತಲೆಹಾಕುವುದನ್ನೂ ಬಿಟ್ಟ. ಮಾರುಕಟ್ಟೆಗೆ ಹೋಗಲು ಉಣ್ಣೆ ಗಿರಣಿಯ ಹಿಂದಿನ ರಸ್ತೆ ಹಿಡಿದು ಬೇಸಿಗೆಯುದ್ದಕ್ಕೂ ದಿನಾ ಒಂದೂವರೆ ಮೈಲಿ ಹೆಚ್ಚು ನಡೆದ. ನಡೆಯುವಾಗ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಯಾರಾದರೂ ನೋಡಿಯೇ ನೋಡುತ್ತಾರೆ. ನೋಡದಿದ್ದರೂ ಭಾರ ಹೇರಿ ನೋಡುವ ಪರೀಕ್ಷೆಯ ದಿನ ಸೇತುವೆಯ ಮೇಲೆ ನೀರಿನ ಪೀಪಾಯಿಗಳಷ್ಟೇ ಇರುತ್ತವೆ, ಪೀಪಾಯಿಗಳಿಗೆ ಜೀವವಿಲ್ಲ. ಸೇತುವೆ ಒಂದು ಗೇಣು ಜಗ್ಗಿ ನಿಂತರೆ ಸಾಕು, ಊರಿನೆದುರು ಲ್ಯುಬೆನ್‌ನ ಮುಖ ಒಮ್ಮೆ ಸಣ್ಣಗಾಗಲಿ. ಹೊಟ್ಟೆಕಿಚ್ಚಿಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕ ಹಾಕಲು ಬರುತ್ತದೆಂದು ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಪರೀಕ್ಷೆ ನಡೆಯಿತು. ಊರಿಗೆ ಊರೇ ದಡದಲ್ಲಿ ನೆರೆದು ಬಾನಿತ್ಸಾ ಕಡುಬು ತಿನ್ನುತ್ತಿತ್ತು. ಮೆತೋಡಿ ಹಿಂದಿನ ಸಾಲಿನಲ್ಲಿ, ಜಾರಿಹೋಗಲು ಅನುಕೂಲವಾಗುವಂತೆ ನಿಂತ. ಸೇತುವೆಯುದ್ದಕ್ಕೂ ಜೋಡಿಸಿದ್ದ ಪೀಪಾಯಿಗಳಿಗೆ ಅಗ್ನಿಶಾಮಕದವರು ದಡದಿಂದಲೇ ಕೊಳವೆ ಎಳೆದು ನೀರು ಬಿಡಲು ತಯಾರಾಗಿದ್ದರು. ಸಂಘದ ಅಧ್ಯಕ್ಷೆ ರಾಯ್ನಾ ಶಾಪ್ಕೋವಾ ಎಪ್ಪತ್ತರ ಹೆಂಗಸು. ಪುಸ್ತಕ ಹಿಡಿದು, ತುಂಬಬೇಕಾದ ಸಾಲುಗಳನ್ನು ಕೂಗುವುದು ಅವಳ ಕೆಲಸ.

ಆಗ ಲ್ಯುಬೆನ್ ಒಂದು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚತೊಡಗಿದ.

ಸೇತುವೆಯ ಮೇಲೆ ಮೊದಲ ಸಲ ಭಾರ ಬೀಳುವಾಗ ಅದನ್ನು ರೂಪಿಸಿದವನು ಅದರ ಕೆಳಗೆ ನಿಲ್ಲಬೇಕು. ಇದು ಹಳೆಯ ಪದ್ಧತಿ. ಊರಿನಲ್ಲಿ ಹೊಸ ಸೇತುವೆಯಾಗಿ ಇಪ್ಪತ್ತು ವರ್ಷವಾಗಿತ್ತು. ಮಂಡಿ ಶಸ್ತ್ರಚಿಕಿತ್ಸೆಯಾದ ಲ್ಯುಬೆನ್ ದಡದಲ್ಲೇ ಕುರ್ಚಿ ಹಾಕಿ ಕೂರುತ್ತಾನೆಂದು ಮೆತೋಡಿ ಎಣಿಸಿದ್ದ. ಎಣಿಸಿದ್ದನೋ, ಆ ಪದ್ಧತಿಯನ್ನು ನೆನೆಯುವುದೇ ಬೇಡವೆಂದು ಬಿಟ್ಟಿದ್ದನೋ. ಲ್ಯುಬೆನ್ ಪ್ಯಾಂಟು ಮಡಚಿ, ಕುಂಟುತ್ತ ನೀರಿಗಿಳಿದು, ನಟ್ಟನಡುವೆ ಹೋಗಿ ಟೋಪಿ ಸರಿಮಾಡಿಕೊಂಡು ನಿಂತ.

"ಏ ಲ್ಯುಬೆನ್, ಮೇಲೆ ಬಾರಯ್ಯ, ನೆಗಡಿ ಹಿಡಿಯುತ್ತೆ!" ಎಂದು ಯಾರೋ ಕೂಗಿದರು.

"ಇದು ಬಿದ್ರೆ ನೆಗಡಿ ಆಗೋಕೆ ಟೈಮೆಲ್ಲಿ? ಬಿಡ್ರಪ್ಪ ನೀರು!"

ಜನ ಗೊಳ್ಳೆಂದು ನಕ್ಕರು. ಮೊದಲ ಸಾಲು ತುಂಬಿತು. ಎರಡನೆಯದು. ಮೂರನೆಯದಕ್ಕೆ ಉಕ್ಕಿನ ಹಗ್ಗ ಕಿರ್ರೆಂದಿತು. ಭಾರ ಬಿದ್ದಾಗ ಹಗ್ಗ ಹಾಗೆ ಸದ್ದು ಮಾಡುವುದು ಸಹಜವೆಂದು ಮೆತೋಡಿಗೆ ಗೊತ್ತಿತ್ತು, ಆದರೂ ಒಂದು ಹೆಜ್ಜೆ ಮುಂದೆ ಬಂದ. ಲ್ಯುಬೆನ್‌ನ ಬಿಳಿ ಕಾಲುಗಳು ನೀರಿನಲ್ಲಿ ಕಾಣುತ್ತಿದ್ದವು. ಆ ಕಾಲುಗಳೊಡನೆ ಇವನು ಸೋಫಿಯಾದ ಹಾಸ್ಟೆಲಿನಲ್ಲಿ ಒಂದೇ ಜೊತೆ ಚಳಿಗಾಲದ ಬೂಟನ್ನು ಹಂಚಿಕೊಂಡಿದ್ದ.

"ನಿಲ್ಸಿ!" ಮೆತೋಡಿ ಜನರನ್ನು ತಳ್ಳಿಕೊಂಡು ಮುಂದೆ ಓಡಿದ. "ನೀರು ನಿಲ್ಸಿ! ಲ್ಯುಬೆನ್, ಈಚೆ ಬಾ! ದಡದಲ್ಲಿ ಬೋಲ್ಟು ನಾಲ್ಕೇ ಇರೋದು! ನಾಲ್ಕೇ!"

ಕೊಳವೆ ನಿಂತಿತು. ರಾಯ್ನಾ ಪುಸ್ತಕ ಮಡಚಿ ಅವನ ಮುಖ ನೋಡಿದಳು.

"ಎಂಟಿವೆ, ಮೆತೋಡಿ. ಕೊನೇ ದಿನ ನಾನೇ ಕೆಂಪು ಸುತ್ತು ಹಾಕಿದ್ದೆ. ಸಭೇಲಿ ತಿದ್ದಿದ್ವಿ. ಅವತ್ತು ನಿನಗೆ ನೆಗಡಿ."

ಮೆತೋಡಿಯ ಎದೆಯ ಮೇಲಿಂದ ಒಂದು ಬಂಡೆ ಇಳಿದಂತಾಯಿತು. ಅವನು ನಕ್ಕೇಬಿಟ್ಟ. ಸುತ್ತ ಬೇರೆ ಯಾರೂ ನಗುತ್ತಿಲ್ಲವೆಂದು ಗಮನಕ್ಕೆ ಬರಲು ಒಂದು ಗಳಿಗೆ ಹಿಡಿಯಿತು.

ಕೆಳಗಿನಿಂದ ಲ್ಯುಬೆನ್ ಮೆಲ್ಲಗೆ ಕೇಳಿದ. "ನಾಲ್ಕಿತ್ತು ಅಂತ ನಿನಗೆ ಹೇಗೆ ಗೊತ್ತು?"

"ನಕ್ಷೇಲಿ ನೋಡಿದ್ದೆ."

"ಯಾವಾಗ?"

ಸುಳ್ಳು ಹೇಳಲು ಜಾಗವಿರಲಿಲ್ಲ. ಆ ನಕ್ಷೆ ಗೋಡೆಯ ಮೇಲಿದ್ದದ್ದು ಒಂದೇ ವಾರ.

"ಮೇ ತಿಂಗಳಲ್ಲಿ" ಎಂದ ಮೆತೋಡಿ.

ಲ್ಯುಬೆನ್ ಅವನನ್ನು ಬಯ್ಯಲಿಲ್ಲ. ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡು, "ರಾಯ್ನಾ, ನಾಲ್ಕನೇ ಸಾಲು ಬಿಡ್ಸು" ಎಂದ.

ಸೇತುವೆ ಲೆಕ್ಕಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಜಗ್ಗಲಿಲ್ಲ.

ಸಂಘದಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಅಲ್ಲಿನ ಕಟ್ಟಳೆಯೇ ಹಾಗೆ. ಮೊದಲಿನಂತೆಯೇ ಮೆತೋಡಿಗೂ ಕುರ್ಚಿ ಎಳೆದರು, ಲೋಟ ತುಂಬಿದರು. ನವೆಂಬರಿನಲ್ಲಿ ಶಾಲೆಯ ಹಿಂದಿನ ಗುಡ್ಡ ಜರಿಯದಂತೆ ತಡೆಗೋಡೆ ಕಟ್ಟುವ ಕೆಲಸ ಮೆತೋಡಿಗೇ ಸಿಕ್ಕಿತು. ಅವನಿಗೆ ಸಿಕ್ಕ ದೊಡ್ಡ ಕೆಲಸವೆಂದರೆ ಅದೇ. ಅದರ ಕೆಳಗೆ ಮಕ್ಕಳು ಆಡುವ ಅಂಗಳ. ನಕ್ಷೆಯನ್ನು ಗೋಡೆಗೆ ತೂಗುಹಾಕಿದ.

ಶುಕ್ರವಾರ ಹೋಗಿ ನೋಡಿದ. ಒಂದೂ ಗುರುತಿಲ್ಲ. ಸೋಮವಾರವೂ ಇಲ್ಲ. ಹದಿನಾಲ್ಕು ಜನ ಸದಸ್ಯರೂ ನಕ್ಷೆಯ ಮುಂದೆ ನಿಂತು ನೋಡಿ ಹೋಗಿದ್ದಾರೆಂದು ಅಂಚೆ ಕಚೇರಿಯವನು ಹೇಳಿದ. ಲ್ಯುಬೆನ್ ಅರ್ಧ ಗಂಟೆ ನಿಂತಿದ್ದನಂತೆ.

ಗುರುವಾರ ಸಭೆಯಲ್ಲಿ ರಾಯ್ನಾ, "ಯಾರ ಗುರುತೂ ಇಲ್ಲ. ಅಭಿನಂದನೆ, ಮೆತೋಡಿ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಲ್ಯುಬೆನ್ ಕೂಡ ತಟ್ಟಿದ.

"ಸರಿಯಾಗಿ ನೋಡಿದ್ರಾ?" ಎಂದ ಮೆತೋಡಿ.

"ನೋಡಿದ್ವಿ" ಎಂದರು.

ಅವನು ಒಂದೊಂದೇ ಮುಖ ನೋಡುತ್ತ ಹೋದ. ಲ್ಯುಬೆನ್ ಸೌತೆಕಾಯಿ ಉಪ್ಪಿನಕಾಯಿಯ ತಟ್ಟೆಯನ್ನು ಇವನ ಕಡೆ ಸರಿಸಿ, ಪಕ್ಕದವನ ಜೊತೆ ಮಾತಿಗೆ ತೊಡಗಿದ.

ಎಲ್ಲರೂ ಹೊರಟ ಮೇಲೆ ಮೆತೋಡಿ ನಕ್ಷೆಯ ಎದುರು ಕುರ್ಚಿ ಎಳೆದುಕೊಂಡು, ಮೊದಲ ಸಾಲಿನಿಂದ ಮತ್ತೆ ಲೆಕ್ಕ ಹಾಕತೊಡಗಿದ. ಪಕ್ಕದ ಮೊಳೆಯಲ್ಲಿ ಕೆಂಪು ಪೆನ್ಸಿಲು ತೂಗುತ್ತಿತ್ತು. ಯಾರೋ ಅದರ ಮೊನೆಯನ್ನು ಹೊಸದಾಗಿ ಚೂಪು ಮಾಡಿದ್ದರು.