ಬಂದ್ ಮಾಡಬಾರದ ಗಾಡಿ

ಚಾವಿ ತಿರುಗಿಸಿದಾಗ ಟಕ್ ಎಂದು ಒಂದೇ ಸದ್ದು ಬಂತು. ಆಮೇಲೆ ಏನೂ ಇಲ್ಲ. ಅಣವೀರಪ್ಪ ಚಾವಿಯನ್ನು ಹಿಂದಕ್ಕೆ ತಂದು, ಉಸಿರು ಬಿಗಿಹಿಡಿದು ಮತ್ತೆ ತಿರುಗಿಸಿದ. ಟಕ್.

ನೀರಿನ ಟ್ಯಾಂಕರಿನ ಹಿಂಭಾಗ ಬಿಲ್ಡಿಂಗಿನ ಅಂಗಳದಲ್ಲಿತ್ತು, ಮೂತಿ ಗೇಟಿನ ಎರಡು ಕಂಬಗಳ ನಡುವೆ. ಬಾಂದ್ರಾದ ಈ ಹಳೆಯ ಬಿಲ್ಡಿಂಗಿನಲ್ಲಿ ಹೀಗೆ ಹಿಂದಾಗಿ ನುಗ್ಗಿಸದೆ ಪೈಪು ನೆಲದಡಿಯ ಟಾಕಿಯನ್ನು ಮುಟ್ಟುತ್ತಿರಲಿಲ್ಲ. ಕನ್ನಡಿಗಳನ್ನು ಮಡಚಿ, ಕಂಬಕ್ಕೂ ಬಾಗಿಲಿಗೂ ಒಂದು ಗೇಣು ಉಳಿಸಿಕೊಂಡು ನಿಲ್ಲಿಸಬೇಕು. ಗಾಡಿ ಅಲ್ಲಿರುವಷ್ಟು ಹೊತ್ತು ಒಳಗಿನ ಕಾರುಗಳು ಹೊರಗೆ ಹೋಗುವಂತಿಲ್ಲ. ಇಪ್ಪತ್ತು ನಿಮಿಷದ ಮಾತು ಎಂದು ಜನ ಸಹಿಸುತ್ತಿದ್ದರು. ಇವತ್ತು ನಲವತ್ತು ದಾಟಿತ್ತು. ಟಾಕಿ ತುಂಬಿತ್ತು, ಟ್ಯಾಂಕರ್ ಖಾಲಿಯಾಗಿತ್ತು. ಹಿಂದೆ ನಾಲ್ಕು ಕಾರುಗಳು ಒಂದರ ಬೆನ್ನಿಗೊಂದು ಹಾರ್ನ್ ಒತ್ತುತ್ತಿದ್ದವು.

"ಅರೇ ಡ್ರೈವರ್, ಬಚ್ಚೋಂ ಕಾ ಸ್ಕೂಲ್ ಹೈ!" ಬಿಲ್ಡಿಂಗಿನ ಸೆಕ್ರೆಟರಿ ಬನಿಯನ್ನಿನಲ್ಲೇ ಇಳಿದು ಬಂದಿದ್ದರು.

"ಸ್ಟಾರ್ಟ್ ನಹೀಂ ಹೋ ರಹಾ, ಸಾಬ್."

"ನಹೀಂ ಹೋತಾ ತೋ ಲಾಯಾ ಕ್ಯೂಂ?"

"ಲಾತೇ ಟೈಮ್ ಹೋ ರಹಾ ಥಾ."

ತರುವಾಗ ಚಾಲೂ ಆಗುತ್ತಿತ್ತಲ್ಲ ಎಂಬ ಉತ್ತರಕ್ಕೆ ವಾಚ್‌ಮನ್ ನಕ್ಕ. ಸೆಕ್ರೆಟರಿ ನಗಲಿಲ್ಲ.

ಎರಡು ತಿಂಗಳಿಂದ ಅಣವೀರಪ್ಪ ಈ ಗಾಡಿಯನ್ನು ಸಾಧ್ಯವಾದಷ್ಟೂ ಬಂದ್ ಮಾಡುತ್ತಿರಲಿಲ್ಲ. ಚಹಾ ಕುಡಿಯುವಾಗ, ಡಬ್ಬಿ ಬಿಚ್ಚಿ ಊಟ ಮಾಡುವಾಗ, ಸಾಯನ್ನಿನ ಬಾವಿಯ ಹತ್ತಿರ ನೀರು ತುಂಬಿಸುವಾಗ, ಎಂಜಿನ್ ಗುಡುಗುಡು ಎನ್ನುತ್ತಲೇ ಇರಬೇಕು. ಹತ್ತು ಸಲ ಚಾಲೂ ಆಗುತ್ತಿತ್ತು, ಹನ್ನೊಂದನೆಯ ಸಲ ಆಗುತ್ತಿರಲಿಲ್ಲ. ಯಾವುದು ಹನ್ನೊಂದನೆಯದು ಎಂಬುದು ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಬ್ಯಾಟರಿ ಹೊಸದಾಯಿತು. ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರು ಬಿಚ್ಚಿ ಹೊಸ ಬುಶ್ ಹಾಕಿದ್ದಾಯಿತು. ರೋಗ ಹೋಗಲಿಲ್ಲ. ಆದರೆ ಈ ಬಿಲ್ಡಿಂಗಿನಲ್ಲಿ ಹೊಗೆ ಮೇಲಿನ ಮನೆಗಳಿಗೆ ಹೋಗುತ್ತದೆಂದು ಎಂಜಿನ್ ಬಂದ್ ಮಾಡಲೇಬೇಕು. ಗೋಡೆಯ ಮೇಲೆ ಬೋರ್ಡೇ ಬರೆಸಿದ್ದರು.

ಹೋದ ವಾರ ದಾದರಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಮಾಲಕ ಕಿಶೋರ ಸೇಠ್ ಬೈದಿರಲಿಲ್ಲ. ಮೆತ್ತಗೆ ಹೇಳಿದ್ದ: "ಅಣವೀರ್, ಇನ್ನೊಂದು ಸಲ ನಿಂತರೆ ಚಾವಿ ಆಫೀಸಿನಲ್ಲಿಟ್ಟು ಮನೆಗೆ ಹೋಗು." ಮೊದಲು ಹಾಗೆ ಹೋದವನು ಸುಭಾಷ. ಸುಭಾಷ ಇದೇ ಗಾಡಿಯ ರಾತ್ರಿಪಾಳಿಯ ಡ್ರೈವರ್ ಆಗಿದ್ದವನು, ಅಣವೀರಪ್ಪನ ಹೆಂಡತಿ ಗುರುಬಾಯಿಯ ಬೆನ್ನಿಗೆ ಹುಟ್ಟಿದ ತಮ್ಮ. ಯಾರ ಕೈಯಲ್ಲಿ ಗಾಡಿ ಕೆಟ್ಟಿತು ಎಂದು ಸೇಠ್ ಕೇಳಿದ್ದಾಗ ಅಣವೀರಪ್ಪ, "ಮುಂಜಾನೆ ನನ್ನ ಕೈಗೆ ಬರುವಾಗಲೇ ಕೆಟ್ಟಿರುತ್ತದೆ" ಎಂದಿದ್ದ. ಸುಳ್ಳೆಂದು ತಿಳಿದು ಹೇಳಿದ್ದಲ್ಲ. ಹಾಗೇ ಇರಬೇಕೆಂದು ಅವನಿಗೆ ಅನ್ನಿಸಿತ್ತು. ಅವತ್ತಿನಿಂದ ಸುಭಾಷ ಧಾರಾವಿಯ ಒಂದು ಪ್ಲಾಸ್ಟಿಕ್ ಗೋದಾಮಿನಲ್ಲಿ ಚೀಲ ಹೊರುತ್ತಿದ್ದ. ಗುರುಬಾಯಿ ದಿನಾ ಡಬ್ಬಿ ಕಟ್ಟಿಕೊಡುತ್ತಿದ್ದಳು. ಸಂಜೆ ಅದನ್ನು ತೊಳೆಯುವಾಗ, ಊಟ ಸರಿಯಿತ್ತೇ ಎಂದು ಮಾತ್ರ ಮೊದಲಿನಂತೆ ಕೇಳುತ್ತಿರಲಿಲ್ಲ.

ಅವನು ಶಿವಪುತ್ರಪ್ಪನಿಗೆ ಫೋನ್ ಹಚ್ಚಿದ. ಧಾರಾವಿಯಲ್ಲಿ ಮೂವತ್ತು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತ ಕೂತ ಸಿಂದಗಿ ಕಡೆಯ ಮುದುಕ.

"ಕಾಕಾ, ಮತ್ತ ನಿಂತದರಿ. ಗೇಟಿನಾಗ ಸಿಕ್ಕೊಂಡೀನಿ. ಅತ್ಲಾಗ ಇಲ್ಲ, ಇತ್ಲಾಗ ಇಲ್ಲ."

"ಈಗ ನಿಂತದ? ಈಗ?" ಶಿವಪುತ್ರಪ್ಪನ ದನಿಯಲ್ಲಿ ಖುಷಿಯಿತ್ತು. "ಚಲೋ ಆತು!"

"ಏನ್ ಚಲೋರೀ? ಇಲ್ಲಿ ಮಂದಿ ನನ್ನ ಹರಕೊಂಡು ತಿನ್ನಾಕತ್ತಾರ."

"ತಿನ್ನಲಿ ಬಿಡು, ಮೈಯಾಗ ಮಾಂಸ ಅದ. ಎಂಟು ಸಲ ನನ್ನ ಕಡೆ ತಂದೀ, ಎಂಟೂ ಸಲ ನನ್ನ ಮುಂದ ಚಾಲೂ ಆಗ್ಯದ. ಡಾಕ್ಟರನ್ನ ಕಂಡಕೂಡ್ಲೇ ಜ್ವರ ಬಿಡೋ ಮಂದಿ ಇರ್ತಾರಲ್ಲ, ಹಂಗ. ಇವತ್ತು ಜ್ವರ ಇದ್ದಾಗ ಸಿಕ್ಕದ. ಹೆಡ್‌ಲೈಟ್ ಹಚ್ಚು. ಮುಂದ ಯಾರರೆ ನಿಂದರಲಿ. ಚಾವಿ ತಿರುವಿದಾಗ ಲೈಟು ಏನ್ ಮಾಡ್ತದ ಕೇಳು."

ವಾಚ್‌ಮನ್ ಮುಂದೆ ಹೋಗಿ ನಿಂತ. ಅಣವೀರಪ್ಪ ಚಾವಿ ತಿರುಗಿಸಿದ. ಟಕ್.

"ಬುಝ್ ಗಯಾ!" ವಾಚ್‌ಮನ್ ಕೂಗಿದ. "ಪೂರಾ ಬುಝ್ ಗಯಾ!"

"ಪೂರಾ ಆರ್ತೇನು? ಮಬ್ಬಾಗಲಿಲ್ಲಾ?" ಕಾಕಾ ಕೇಳಿದ. "ಮಬ್ಬಾದ್ರ ಬ್ಯಾಟರಿದು, ಇಲ್ಲಾ ಸೆಲ್ಫಿಂದು. ಪೂರಾ ಆರಿದ್ರ ಎಲ್ಲೋ ವೈರಿನ ಜೋಡು ಬಿಟ್ಟದ. ನಾವು ಹರಿದ ಅಂಗಿ ಬಿಟ್ಟು ಚಲೋ ಇದ್ದ ಚೊಣ್ಣ ಹೊಲಿಸೀವಿ ನೋಡ. ಇನ್ನೊಂದು ಐದಾರು ಸಲ ತಿರುವು. ಆಮ್ಯಾಲ ಕೆಳಗಿಳಿದು ಒಂದೊಂದು ಜೋಡಿಗೆ ಕೈ ಇಟ್ಟು ನೋಡು. ಯಾವುದು ಬೆಚ್ಚಗ ಅದ, ಅದೇ ಕಳ್ಳ."

ಐದಾರು ಸಲ ತಿರುಗಿಸಿದರೂ ಬರೀ ಟಕ್. ಬಾಗಿಲು ಗೇಣಿಗಿಂತ ಹೆಚ್ಚು ತೆರೆಯಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು ಕಂಬಕ್ಕೆ ಬೆನ್ನು ಉಜ್ಜುತ್ತ ಅಣವೀರಪ್ಪ ಇಳಿದ. ಅಂಗಿಯ ಒಂದು ಗುಂಡಿ ಕಿತ್ತು ಬಿತ್ತು. ಬ್ಯಾಟರಿಯ ಎರಡೂ ತಲೆ ಮುಟ್ಟಿದ, ತಣ್ಣಗಿದ್ದವು. ಸೆಲ್ಫಿಗೆ ಹೋಗುವ ದಪ್ಪ ವೈರು ತಣ್ಣಗಿತ್ತು.

"ಮೈನಸ್ಸಿನ ಕರೀ ವೈರ್ ಹಿಡಕೊಂಡು ಹೋಗು," ಎಂದಿತು ಕಿವಿಗೆ ಸಿಕ್ಕಿಸಿದ ಫೋನು. "ಎಲ್ಲಿ ಹೋಗಿ ಚಾಸಿಗೆ ಕುಂತದ, ಅಲ್ಲಿ ನೋಡು."

ಅವನು ಒದ್ದೆ ನೆಲದ ಮೇಲೆ ಅಂಗಾತ ಮಲಗಿ ಒಳಗೆ ಸರಿದ. ಮೇಲಿನಿಂದ ಹನಿ ಬಿದ್ದು ಕಣ್ಣಿಗೆ ಹೋಯಿತು. ವೈರಿನ ತುದಿಯ ಬೋಲ್ಟಿಗೆ ಬೆರಳು ತಾಗಿತು. ತಟ್ಟನೆ ಎಳೆದುಕೊಂಡ. ಸುಟ್ಟಿರಲಿಲ್ಲ, ಆದರೆ ಬೆಚ್ಚಗಿತ್ತು, ಈಗಷ್ಟೇ ಹಂಚಿನಿಂದ ತೆಗೆದ ರೊಟ್ಟಿಯ ಹಾಗೆ.

"ಸಿಕ್ತರಿ."

"ಬಿಚ್ಚಿ ನೋಡು, ಬುಡಕ ಏನದ ಹೇಳು."

ಪಾನಾ ಹಾಕಿ ಬೋಲ್ಟು ತಿರುವಿ ಬಿಚ್ಚಿದ. ವೈರಿನ ತುದಿ ಸರಿಸಿದಾಗ ಕಬ್ಬಿಣ ಕಾಣಲಿಲ್ಲ. ಕೆಂಪು ಬಣ್ಣ ಕಂಡಿತು. ದಪ್ಪಗೆ, ನುಣ್ಣಗೆ, ಎರಡು ಕೈ ಬಳಿದ ಕೆಂಪು ಬಣ್ಣ.

ಅವನಿಗೆ ಎರಡು ತಿಂಗಳ ಕೆಳಗೆ ಖಂಡೇನವಮಿಯ ಹಿಂದಿನ ದಿನ ನೆನಪಾಯಿತು. ಪ್ರತಿ ವರ್ಷ ಆಯುಧಪೂಜೆಗೆ ಮೊದಲು ಗಾಡಿಗೆ ತನ್ನ ಕೈಯಾರೆ ಬಣ್ಣ ಬಳಿಯುವುದು ಅವನ ರೂಢಿ. ಪೇಂಟರಿಗೆ ಕೊಟ್ಟರೆ ಕಾಣುವಷ್ಟೇ ಬಳಿಯುತ್ತಾರೆ. ಈ ಸಲ ಬೋಲ್ಟುಗಳನ್ನೂ ಬಿಚ್ಚಿ, ಅವುಗಳ ಬುಡಕ್ಕೂ ಬಳಿದಿದ್ದ. ಸುಭಾಷ ಅಂದು ಹಿಂದೆ ನಿಂತು ಬೀಡಿ ಸೇದುತ್ತ, "ಅಲ್ಲಿ ಬಿಡು ಮಾಮಾ, ವೈರ್ ಕೂಡೋ ಜಾಗ ಅದು, ಬಣ್ಣ ಹಚ್ಚಿದ್ರ ಕರೆಂಟ್ ಹಾಯಂಗಿಲ್ಲ" ಎಂದಿದ್ದ. "ದೇವರ ಮುಂದ ಅರ್ಧಾ ಮೈಗೆ ಅಂಗಿ ಹಾಕೊಂಡು ನಿಂದರ್ತೀ ಏನಲೇ?" ಎಂದು ತಾನು ಗದರಿಸಿದ್ದೂ, ಬ್ರಶ್ಶು ಆ ಜಾಗದ ಮೇಲೆ ಇನ್ನೊಮ್ಮೆ ಎಳೆದದ್ದೂ ಈಗ ಬೆನ್ನಡಿಯ ಒದ್ದೆಯಷ್ಟೇ ಸ್ಪಷ್ಟವಾಗಿತ್ತು.

"ಏನದಪ್ಪಾ? ತುಕ್ಕ ಏನು?" ಕಾಕಾ ಕೇಳಿದ.

"ಹ್ಞಾಂ... ಹೊಲಸದ ರಿ."

"ಕೆರೆದು ಹೊಳಿಯೋ ಹಂಗ ಮಾಡಿ ಬಿಗಿ. ಚಾಲೂ ಆಗದಿದ್ರ ನನ್ನ ಹೆಸರು ಬದಲೀ ಮಾಡು."

ಹಳೆ ಬ್ಲೇಡಿನ ತುಂಡಿನಿಂದ ಕೆರೆದ. ಕೆಂಪು ಚಕ್ಕೆಗಳು ಮುಖದ ಮೇಲೆ, ಬಾಯೊಳಗೆ ಉದುರಿದವು. ಕಬ್ಬಿಣ ಬೆಳ್ಳಗಾದ ಮೇಲೆ ಬೋಲ್ಟು ಬಿಗಿದು, ಮತ್ತೆ ಅದೇ ಗೇಣು ಸಂದಿಯಲ್ಲಿ ತೂರಿ ಹತ್ತಿ ಕೂತ. ಚಾವಿಯನ್ನು ಪೂರ್ತಿ ತಿರುಗಿಸುವ ಮೊದಲೇ ಎಂಜಿನ್ ಗರ್ಜಿಸಿತು.

ಗೇಟು ದಾಟಿ ರಸ್ತೆಗೆ ಬರುವಷ್ಟರಲ್ಲಿ ಸೇಠ್‌ನ ಫೋನ್ ಬಂತು. ಸೆಕ್ರೆಟರಿ ಆಗಲೇ ದೂರು ಹೇಳಿದ್ದರು.

"ಚಾಲೂ ಹೋ ಗಯಾ ಸೇಠ್. ಅರ್ಥಿಂಗ್ ಕಾ ಬೋಲ್ಟ್ ಥಾ. ಅಬ್ ಕಭೀ ನಹೀಂ ರುಕೇಗಾ."

"ಪಕ್ಕಾ?"

"ಪಕ್ಕಾ."

"ವೋ ಸುಭಾಷ್ ಹೀ ಢೀಲಾ ಛೋಡ್ಕೇ ಗಯಾ ಹೋಗಾ." ಬೋಲ್ಟು ಸಡಿಲ ಬಿಟ್ಟು ಹೋದವನು ಸುಭಾಷನೇ ಎಂದು ಸೇಠ್ ನಿರಾಳವಾಗಿ ನಕ್ಕ. "ಅಚ್ಛಾ ಹುವಾ ನಿಕಾಲ್ ದಿಯಾ. ಗಾಡಿ ಅಬ್ ತೇರೇ ಪಾಸ್ ಹೀ ರಹೇಗೀ."

ಅವನನ್ನು ತೆಗೆದದ್ದೇ ಒಳ್ಳೆಯದಾಯಿತಂತೆ, ಗಾಡಿ ಇನ್ನು ತನ್ನ ಹತ್ತಿರವೇ ಇರುತ್ತದಂತೆ. ಅಣವೀರಪ್ಪ ಬಾಯಿ ತೆರೆದ. ಹಿಂದೆ ಬಸ್ಸೊಂದು ಹಾರ್ನ್ ಮಾಡಿತು. ಸೇಠ್ ಫೋನ್ ಇಟ್ಟಿದ್ದ.

ಸಾಯನ್ನಿಗೆ ನೀರು ತುಂಬಿಸಲು ಹೋಗುವ ದಾರಿ ಧಾರಾವಿಯ ಮೇಲೇ. ದಿನಾ ಆ ಗೋದಾಮಿನ ಗಲ್ಲಿ ಬಂದಾಗ ಅವನು ಇನ್ನೊಂದು ಕಡೆಯ ಕನ್ನಡಿ ನೋಡುತ್ತಿದ್ದ. ಇವತ್ತು ಸ್ಟೀರಿಂಗ್ ತಿರುಗಿಸಿದ. ಗಲ್ಲಿ ಇಕ್ಕಟ್ಟು, ಟ್ಯಾಂಕರ್ ಹೊಕ್ಕರೆ ಕೈಗಾಡಿಗೂ ಜಾಗವಿಲ್ಲ. ಗೋದಾಮಿನ ಮುಂದೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಚಾವಿಯನ್ನು ಹೊರಗೆಳೆದ.

ಸುಭಾಷ ತಲೆಯ ಮೇಲಿನ ಚೀಲ ಇಳಿಸಿ ಬಂದವನು ಮೊದಲು ಎಂಜಿನ್ನಿನ ಕಡೆಗೇ ಕಿವಿಗೊಟ್ಟ.

"ಮಾಮಾ, ಬಂದ್ ಯಾಕ ಮಾಡಿದಿ? ಇಲ್ಲಿ ನಿಂತಂದ್ರ ಮಂದಿ ಬಡೀತಾರ."

"ಮ್ಯಾಲ ಹತ್ತು."

"ಕೆಲಸದಾಗ ಅದೀನಿ."

"ಹತ್ತಲೇ ಸುಭ್ಯಾ."

ಸುಭಾಷ ಹತ್ತಿ ಕ್ಲೀನರನ ಕಡೆ ಕೂತ. ಮಾಮನ ಒದ್ದೆ ಬೆನ್ನು, ಗುಂಡಿ ಹೋದ ಅಂಗಿ, ಆಮೇಲೆ ಕೈ ನೋಡಿದ. ಉಗುರುಗಳ ಸಂದಿಯಲ್ಲೆಲ್ಲ ಕೆಂಪು ಚಕ್ಕೆಗಳಿದ್ದವು. ಬಹಳ ಹೊತ್ತು ನೋಡಿದ.

ಗಲ್ಲಿಯ ಎರಡೂ ತುದಿಯಲ್ಲಿ ಜನ ಕೂಗತೊಡಗಿದ್ದರು. ಅಣವೀರಪ್ಪ ಚಾವಿಯನ್ನು ಇಬ್ಬರ ನಡುವೆ ಎಂಜಿನ್ನಿನ ಮುಚ್ಚಳದ ಮೇಲಿಟ್ಟ. ಮೊಬೈಲ್ ತೆಗೆದು ಸೇಠ್‌ನ ನಂಬರು ಒತ್ತಿ, ಸುಭಾಷನಿಗೂ ಕೇಳುವಂತೆ ಸ್ಪೀಕರ್ ಹಾಕಿ, ಚಾವಿಯ ಪಕ್ಕದಲ್ಲಿಟ್ಟ. ಮುಚ್ಚಳ ಇನ್ನೂ ಬಿಸಿಯಾಗಿತ್ತು. ಆ ಕಡೆ ರಿಂಗಾಗುತ್ತಿತ್ತು.