ಬಾಯ್ಲರಿಗೆ ಕಟ್ಟಿದ ತೂಕದ ಕಲ್ಲು

ನಾನು ಒಂದು ಐದು ಕಿಲೋದ ತೂಕದ ಕಲ್ಲು. ಹೆಸರಿಗೆ ಕಲ್ಲು, ಮೈಯೆಲ್ಲ ಎರಕದ ಕಬ್ಬಿಣ. ಬೆನ್ನ ಮೇಲೊಂದು ಹಿಡಿ, ಹೊಟ್ಟೆಯಲ್ಲಿ ಸೀಸ, ಆ ಸೀಸದ ಮೇಲೆ ಸರ್ಕಾರದ ಮುದ್ರೆ. ಮೊದಲು ನನ್ನನ್ನು ಕೊಂಡವರು ಬೆಲ್ಲದಂಗಡಿಯ ಮೆಹಬೂಬಸಾಬರು. ಅವರ ತಕ್ಕಡಿಯಲ್ಲಿ ಹನ್ನೊಂದು ವರ್ಷ ಕೂತೆ, ಗುಲಗಂಜಿಯಷ್ಟೂ ಮೋಸ ಮಾಡಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಆಮೇಲೆ ನನ್ನ ಹಣೆಗೆ ಬಂದದ್ದನ್ನು ನೆನೆದು ಹೊಟ್ಟೆ ಉರಿದು ಹೇಳುತ್ತಿದ್ದೇನೆ.

ಅಂಗಡಿ ಮುಚ್ಚಿದಾಗ ಚನ್ನವೀರಪ್ಪ ಸಾಹುಕಾರನ ಅಕ್ಕಿ ಮಿಲ್ಲಿಗೆ ಬಂದೆ. ಅಲ್ಲಿ ಭತ್ತ ಬೇಯಿಸುವ ಬಾಯ್ಲರ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಯಂಕೋಬ. ಉಗಿ ಅತಿಯಾದರೆ ಮೇಲಿನ ವಾಲ್ವ್ ತಾನೇ ಎದ್ದು ಹೊರಗೆ ಬಿಡುತ್ತಿತ್ತು. ಸಾಹುಕಾರನಿಗೆ ಅದು ಸೌದೆ ದಂಡವೆನಿಸಿತು. ಒಂದು ಮಧ್ಯಾಹ್ನ, ಯಂಕೋಬನ ಹೆಂಡತಿ ಹುಲಿಗೆಮ್ಮ ಬುತ್ತಿ ತಂದು ನಿಂತಿದ್ದಾಗಲೇ, ಸಾಹುಕಾರ ತಾನೇ ನನ್ನ ಹಿಡಿಗೆ ಕೆಂಪು ವೈರ್ ಸುತ್ತಿ ವಾಲ್ವಿನ ಕೈಗೆ ನೇತುಹಾಕಿದ. ಇನ್ನು ಅದು ಏಳುವಂತಿರಲಿಲ್ಲ.

“ಬ್ಯಾಡ್ರಿ ಸಾವ್ಕಾರ್ರ, ಬಾಯ್ಲರ್ ತಡಿಯಂಗಿಲ್ಲ,” ಎಂದ ಯಂಕೋಬ.

“ನನಗ ಹೇಳಾಕ ಬರಬ್ಯಾಡ. ಬೆಂಕಿ ಹಾಕು.”

ಮೂರನೆಯ ದಿನ ಬಾಯ್ಲರ್ ಸಿಡಿಯಿತು. ಯಂಕೋಬ ಅಲ್ಲೇ ಸತ್ತ. ವೈರ್ ಹರಿದು ನಾನು ಬೂದಿಯಲ್ಲಿ ಬಿದ್ದೆ.

ಪೊಲೀಸರು ನನ್ನನ್ನು ಒಂದು ಚೀಲದಲ್ಲಿ, ವಾಲ್ವನ್ನು ಇನ್ನೊಂದು ಚೀಲದಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಪಂಚನಾಮೆಯಲ್ಲಿ ಬರೆದದ್ದು ಇಷ್ಟೇ: ‘ತೂಕದ ಕಲ್ಲು, ಒಂದು.’ ನನ್ನ ಹಿಡಿಯಲ್ಲಿದ್ದ ವೈರಿನ ಸುದ್ದಿಯೇ ಇಲ್ಲ. ಮ್ಯಾಜಿಸ್ಟ್ರೇಟರೂ ಚೀಲ ಬಿಚ್ಚಿಸಲಿಲ್ಲ. ಅಕ್ಕಿ ಮಿಲ್ಲಿನಲ್ಲಿ ತೂಕದ ಕಲ್ಲು ಸಿಕ್ಕುವುದು ಸಹಜ, ಕಣ್ಣಾರೆ ಕಂಡೆ ಎನ್ನುವ ಸತ್ತವನ ಹೆಂಡತಿಯ ಮಾತೊಂದನ್ನೇ ನಂಬಿ ವಿಚಾರಣೆ ನಡೆಸಲಾಗದು ಎಂದು ಸಾಹುಕಾರನನ್ನು ಬಿಟ್ಟುಬಿಟ್ಟರು. ಸಹಜವಂತೆ. ಬಾಯ್ಲರಿನ ತಲೆಯ ಮೇಲೆ ನಾನು ಯಾವ ಅಕ್ಕಿ ತೂಗುತ್ತಿದ್ದೆ? ಆ ದಿನ ನನಗೊಂದು ಬಾಯಿ ಇದ್ದಿದ್ದರೆ ಕೋರ್ಟಿನ ಹಂಚು ಹಾರಿಹೋಗುವಂತೆ ಕೂಗುತ್ತಿದ್ದೆ.

ಸರ್ಕಾರಿ ವಕೀಲೆ ಜಯಶೀಲಾ ಸುಮ್ಮನಾಗಲಿಲ್ಲ. ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕಿದರು. “ಎರಡೂ ಚೀಲ ಒಟ್ಟಿಗೆ ಬಿಚ್ಚಿಸಿ, ಸ್ವಾಮಿ. ನಾನು ಕೇಳೋದು ಅಷ್ಟೇ,” ಎಂದರು. ಸಾಹುಕಾರನ ವಕೀಲರು ವಿಚಾರಣೆಗೆ ಮೊದಲೇ ಬಿಚ್ಚುವುದು ಬೇಡ ಎಂದು ಹಟ ಹಿಡಿದರು. ನ್ಯಾಯಾಧೀಶರು ಬಿಚ್ಚಿಸಿದರು.

ನನ್ನ ಹಿಡಿಯಲ್ಲಿ ಸುಟ್ಟ ಕೆಂಪು ವೈರಿನ ತುಂಡು. ವಾಲ್ವಿನ ಕೈಯಲ್ಲಿ ಅದರ ಇನ್ನರ್ಧ. ಜಯಶೀಲಾ ಎರಡು ತುದಿಗಳನ್ನೂ ಹತ್ತಿರ ತಂದು ಹಿಡಿದರು. ಸರಿಯಾಗಿ ಕೂಡಿದವು. ನಾಲ್ಕು ವರ್ಷ ನಾವಿಬ್ಬರೂ ಅಕ್ಕಪಕ್ಕದ ಚೀಲಗಳಲ್ಲೇ ಇದ್ದೆವು.

ಆದೇಶ ಬಂದ ದಿನ ಹುಲಿಗೆಮ್ಮ ಕೇಳಿದಳು: “ಶಿಕ್ಷೆ ಆತೇನ್ರಿ, ಮೇಡಂ?”

“ಇಲ್ಲಮ್ಮಾ. ಕೇಸ್ ನಡೀಬೇಕು ಅಂದಾರ. ಈಗ ಶುರು.”

ಆಕೆ ನಾನಿದ್ದ ಮೇಜಿನ ಬಳಿ ಬಂದಳು. ಗುಮಾಸ್ತ ತಡೆಯುವಷ್ಟರಲ್ಲಿ ನನ್ನನ್ನು ಒಂದೇ ಕೈಯಲ್ಲಿ ಎತ್ತಿದಳು. ಮಸಿ ಹತ್ತಿದ ಹಿಡಿಯನ್ನೇ ನೋಡಿದಳು.

“ಇಷ್ಟ ಏನ್ರಿ ಇದರ ಭಾರ?” ಎಂದಳು.

ಈಗ ಸಾಕ್ಷಿಯ ಸಾಮಾನು ಇಡುವ ಕೋರ್ಟಿನ ಮಾಲಖಾನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಸೀಸದ ಮುದ್ರೆ ಮಾಸಿದೆ. ಯಂಕೋಬನ ಸಾವಿನಲ್ಲಿ ನನ್ನ ಪಾಲು ಐದು ಕಿಲೋ. ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಉಳಿದದ್ದನ್ನು, ನನ್ನನ್ನು ಅಲ್ಲಿ ಕಟ್ಟಿದವನು ಕಟಕಟೆಯಲ್ಲಿ ನಿಂತು ಒಪ್ಪಿಕೊಳ್ಳಲಿ.