ಪಿಕ್ನಿಕ್ ಟೇಬಲಿನ ಮೇಲೆ ಎಡೆ

ಟೆಂಟಿನಲ್ಲಿ ಒಂದೇ ಒಂದು ರಾತ್ರಿ ಮಲಗೆದ್ದವರ ಅನುಭವವನ್ನು ಕಾಡಿನ ಕಥೆಯೆಂದು ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಕಾಡು ಬಲ್ಲವರು ಕ್ಷಮಿಸಬೇಕು. ಇದರಲ್ಲಿ ಕಾಡಿಗಿಂತ ಹೆದರಿಕೆಯೇ ಹೆಚ್ಚು.

ಇಂದುಮತಿ ಫಾಯಿಲಿನ ತಟ್ಟೆಯನ್ನು ಪಿಕ್ನಿಕ್ ಟೇಬಲಿನ ಆ ತುದಿಗೆ ಇಟ್ಟು, ಹಿಂದೆ ಸರಿದು, ತಲೆಯೆತ್ತಿ ನೋಡಿದಳು. ಮೇಪಲ್ ಮರಗಳು ಉರಿಯುವ ಹಾಗೆ ಕೆಂಪಾಗಿದ್ದವು. ಕೊಂಬೆಯ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ತಟ್ಟೆಯಲ್ಲಿ ಅನ್ನ, ಮಟನ್ ಸಾರು, ಕಡಲೆಬೇಳೆ ವಡೆ, ಶಾವಿಗೆ ಪಾಯಸ, ಅಂಚಿನಲ್ಲಿ ಒಂದು ಸಿಗರೇಟು. ಹೋದ ವರ್ಷ ಮೈಸೂರಿನಲ್ಲಿ ತೀರಿಕೊಂಡ ಅಪ್ಪನಿಗೆ ಇಷ್ಟವಾದದ್ದೆಲ್ಲ ಅದರಲ್ಲಿತ್ತು. ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಕಾಗೆ ಬಂದು ಎಡೆ ಮುಟ್ಟುವವರೆಗೆ ಮನೆಯವರು ಯಾರೂ ಉಣ್ಣುವ ಹಾಗಿರಲಿಲ್ಲ.

"ವಾಟ್ ಇಫ್ ಇಟ್ ಡಸಂಟ್ ಕಮ್?" ಟೆಂಟಿನೊಳಗಿಂದ ಜಾನ್ವಿ ಕೇಳಿದಳು. ಹತ್ತು ವರ್ಷದ ಮಗಳು ರಾತ್ರಿಯೆಲ್ಲ ಚಳಿಗೆ ಕಣ್ಣು ಮುಚ್ಚದೆ, ಈಗ ಮತ್ತೆ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಕ್ಕಿದ್ದಳು.

"ಬರತ್ತೆ. ನೀನು ಸ್ವಲ್ಪ ಮಲಕ್ಕೋ."

ಕಾಡಿಗೆ ಬರುವ ಹೆಂಗಸಲ್ಲ ಇಂದುಮತಿ. ಲಿಸ್ಲ್ ಎಂಬ ಊರಿನ ಅವರ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಗಂಡ ಜಯಸಿಂಹ ಅಂಟಿಸಿದ್ದ ಪಟ್ಟಿಯೊಂದು ವರ್ಷಗಳಿಂದ ಹಳದಿಯಾಗುತ್ತಿತ್ತು. ಸ್ಟೇಟ್ ಪಾರ್ಕುಗಳಲ್ಲಿ ತಾನು ಮಾಡಲೇಬೇಕಾದ ಸಾಹಸಗಳು ಅಂತ ಅದಕ್ಕೆ ಹೆಸರು. ಹೆಪ್ಪುಗಟ್ಟಿದ ಜಲಪಾತದ ಬುಡದಲ್ಲಿ ನಿಲ್ಲುವುದು, ಮರಳುಗುಡ್ಡದ ಮೇಲಿಂದ ಮಿಷಿಗನ್ ಸರೋವರಕ್ಕೆ ಓಡಿ ಇಳಿಯುವುದು, ದೋಣಿಗೆ ತಾನೇ ಹುಟ್ಟು ಹಾಕುವುದು, ಟೆಂಟಿನಲ್ಲಿ ಮಲಗುವುದು. ಒಂದೊಂದಕ್ಕೂ ಇಂದುಮತಿಯ ಹತ್ತಿರ ಒಂದೊಂದು ಭಯ ಸಿದ್ಧವಾಗಿತ್ತು: ಜಾರಿದರೆ, ಮುಳುಗಿದರೆ, ದಾರಿ ತಪ್ಪಿದರೆ. ಹಾಗಾಗಿ ಗೀಟು ಬಿದ್ದದ್ದು ಒಂದಕ್ಕೆ ಮಾತ್ರ, ಕಾರಿನಲ್ಲೇ ಕೂತು ಎಲೆಗಳ ಬಣ್ಣ ನೋಡುವುದಕ್ಕೆ. ಅದನ್ನೂ ಡ್ಯಾಡಿ ನೋಡಿಕೊಂಡು ಬಂದ ಮೇಲೆ ಪಟ್ಟಿಗೆ ಸೇರಿಸಿದ್ದು ಎಂದು ಜಾನ್ವಿ ಮನೆಗೆ ಬಂದ ಅಂಕಲ್ ಆಂಟಿಯರಿಗೆಲ್ಲ ಹೇಳಿ ಮಾನ ಕಳೆಯುತ್ತಿದ್ದಳು.

೨೦೦೨ರ ಆ ಬೇಸಿಗೆಯಲ್ಲಿ ಲಿಸ್ಲ್‌ನ ಕಾಗೆಗಳು ಸತ್ತವು. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ಜ್ವರ. ಪಕ್ಕದ ಮನೆಯ ಹುಲ್ಲಿನ ಮೇಲೆ ಒಂದು ಬಿತ್ತು, ಮರುವಾರ ಇವರ ಗರಾಜಿನ ಮುಂದೆಯೇ ಇನ್ನೊಂದು. ಸತ್ತ ಕಾಗೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಫೋನ್ ಮಾಡಿ ತಿಳಿಸಿ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ಆಗಸ್ಟ್ ಕಳೆಯುವಷ್ಟರಲ್ಲಿ ಅವರ ಬಡಾವಣೆಯಲ್ಲಿ ಒಂದು ಕಾ ಅನ್ನುವ ಸದ್ದೂ ಇಲ್ಲ. ಇಂದುಮತಿ ಮನೆ ಹಿಂದಿನ ಡೆಕ್ಕಿನ ಮೇಲೆ ನಿಂತು ಬರಿದಾದ ತಂತಿಗಳನ್ನು ನೋಡುತ್ತಿದ್ದಳು. ಅಪ್ಪ ಹೋದಾಗ ಗ್ರೀನ್ ಕಾರ್ಡಿನ ಕೆಲಸ ಅರ್ಧದಲ್ಲಿತ್ತು, ದೇಶ ಬಿಟ್ಟು ಹೊರಡುವ ಹಾಗಿರಲಿಲ್ಲ. ಮಣ್ಣಿಗೆ ಹೋಗದ ಮಗಳು ಎಡೆಯನ್ನಾದರೂ ಮುಟ್ಟಿಸಬೇಕಲ್ಲ.

ಜಯಸಿಂಹ ಸಮಯ ನೋಡಿ ಮಾತು ತೆಗೆದ. "ಮಿಷಿಗನ್ ಮೇಲ್ಗಡೆ ಆ ಪಾರ್ಕಿದೆಯಲ್ಲ, ಅಲ್ಲಿ ಕಾಗೆ ಇದಾವೆ ಕಣೇ. ಆ ಚಳಿಗೆ ಸೊಳ್ಳೆ ಎಲ್ಲಿರತ್ತೆ? ಅಮಾವಾಸ್ಯೆ ಭಾನುವಾರವೇ ಬಂದಿದೆ."

ಒಂದು ಭಯ ಇನ್ನೊಂದನ್ನು ಗೆದ್ದಿತು. ಏಳು ಗಂಟೆಯ ಡ್ರೈವಿಗೆ ಅವಳು ಒಪ್ಪಿಬಿಟ್ಟಳು.

ಗೇಟಿನಲ್ಲಿ ರೇಂಜರ್ ಹೆಂಗಸು ಕೊಟ್ಟ ಕಾಗದವನ್ನು ಅವಳು ಒಂದಕ್ಷರ ಬಿಡದೆ ಓದಿದಳು. ಚಳಿಗಾಲದ ನಿದ್ದೆಗೆ ಮುಂಚೆ ಕರಡಿಗಳು ಹೊಟ್ಟೆ ತುಂಬಿಸಿಕೊಳ್ಳುವ ಕಾಲವಿದು. ನಿಮ್ಮ ಆಹಾರವನ್ನೆಲ್ಲ ಕಾರಿನಲ್ಲಿಟ್ಟು ಬೀಗ ಹಾಕಿ. ಮನುಷ್ಯರ ಊಟದ ರುಚಿ ಕಂಡ ಕರಡಿ ಮತ್ತೆ ಮತ್ತೆ ಬರುತ್ತದೆ. ಅಂಥದನ್ನು ಕೊಲ್ಲಬೇಕಾಗಿ ಬರಬಹುದು. ಇಂದುಮತಿ ಟೂತ್‌ಪೇಸ್ಟನ್ನೂ ಜಾನ್ವಿಯ ಜೇಬಿನ ಚ್ಯೂಯಿಂಗ್ ಗಮ್ಮನ್ನೂ ಕಾರಿಗೆ ಹಾಕಿದಳು. ರಾತ್ರಿ ಎಲೆ ಉದುರಿದರೂ ಎದ್ದು ಕೂತಳು. ಬೆಳಿಗ್ಗೆ ಸ್ಟವ್ ಹೊತ್ತಿಸಿ ಅನ್ನ ಮಾಡಿ, ಮನೆಯಿಂದ ತಂದ ಸಾರು ಬಿಸಿ ಮಾಡಿ, ಎಡೆಗೆ ಬಡಿಸಿಕೊಂಡು ಉಳಿದದ್ದನ್ನು ಮತ್ತೆ ಕಾರಿನಲ್ಲಿಟ್ಟು ಬೀಗ ಎಳೆದು ನೋಡಿದಳು. ಆದರೆ ಆ ತಟ್ಟೆ ಕಾಗದದಲ್ಲಿ ಹೇಳಿದ್ದರೊಳಗೆ ಸೇರುತ್ತದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಇಟ್ಟ ಮೇಲೆ ಅದು ತಮ್ಮ ಊಟವಲ್ಲ, ಅಪ್ಪನದು.

ಜಯಸಿಂಹ ಪಟ್ಟಿಯ ಇನ್ನೊಂದು ಗೀಟಿಗಾಗಿ ಗುಡ್ಡ ಹತ್ತಲು ಹೋಗಿದ್ದ. ಪಾಯಸದ ಪಾತ್ರೆ ತೊಳೆಯೋಣವೆಂದು ಇಂದುಮತಿ ರಸ್ತೆಯಾಚೆಯ ನಲ್ಲಿಗೆ ಹೋದಳು. ಅಲ್ಲಿಂದಲೂ ಟೆಂಟು ಕಾಣುತ್ತಿತ್ತು. ನೀರು ಕೈ ಕೊರೆಯುವಷ್ಟು ತಣ್ಣಗಿತ್ತು. ಮುಗಿಸಿ ತಿರುಗಿದಾಗ, ಯಾರದೋ ಕರಿ ನಾಯಿ ಎಡೆಗೆ ಬಾಯಿ ಹಾಕಿದೆ ಎಂದುಕೊಂಡಳು. ಅದು ಮುಂಗಾಲುಗಳನ್ನು ಬೆಂಚಿನ ಮೇಲೆ ಊರಿ ಎದ್ದು ನಿಂತಿತು. ನಾಯಿಯಲ್ಲ.

ಫಾಯಿಲು ನೆಕ್ಕುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಅದರ ಬೆನ್ನ ಹಿಂದೆ ಟೆಂಟು, ಟೆಂಟಿನಲ್ಲಿ ಜಾನ್ವಿ.

ಓಡಬೇಡಿ, ಕೈ ಮೇಲೆತ್ತಿ, ಪಾತ್ರೆ ಬಡಿದು ಸದ್ದು ಮಾಡಿ ಎಂದು ಕಾಗದದಲ್ಲಿತ್ತು. ಪಾತ್ರೆ ಕೈಯಲ್ಲೇ ಇತ್ತು, ಸೌಟೂ ಇತ್ತು. ಬಡಿದರೆ ಮಗಳು ಎಚ್ಚೆತ್ತು ಜಿಪ್ ಎಳೆದು ತಲೆ ಹೊರಗೆ ಹಾಕುತ್ತಾಳೆ, ನೇರ ಅದರ ಮೂತಿಯೆದುರಿಗೆ. ಬಡಿಯದಿದ್ದರೆ, ತಟ್ಟೆ ಬರಿದಾದ ಮೇಲೆ ಅದು ಯಾವ ಕಡೆ ತಿರುಗುತ್ತದೋ.

ತಟ್ಟೆ ನೆಲಕ್ಕೆ ಬಿತ್ತು. ಕರಡಿ ಟೆಂಟಿನ ಕಡೆ ತಿರುಗಿ, ಮೂಗನ್ನು ಬಟ್ಟೆಗೆ ಒತ್ತಿತು. ಬಟ್ಟೆ ಒಳಕ್ಕೆ ತಗ್ಗಾಯಿತು.

ತಾನು ಯಾವಾಗ ರಸ್ತೆ ದಾಟಿದೆನೆಂದು ಅವಳಿಗೆ ಗೊತ್ತಾಗಲಿಲ್ಲ. ಟೇಬಲಿನ ಹತ್ತಿರ ನಿಂತಿದ್ದಳು. ಬಾಯಿಂದ ಬಂದದ್ದು ಕಿರುಚಾಟವಲ್ಲ, ಉಂಡೆದ್ದ ಹಿರಿಯರನ್ನು ಬಾಗಿಲವರೆಗೆ ಬಂದು ಕಳಿಸಿಕೊಡುವವರ ತಗ್ಗಿದ ದನಿ.

"ಊಟ ಆಯ್ತಲ್ಲ. ಇನ್ನು ಹೊರಡಿ. ಮಗು ಮಲಗಿದೆ."

ಅದು ತಲೆ ತಿರುಗಿಸಿ ಅವಳನ್ನು ನೋಡಿತು. ಗಡ್ಡದ ಕೂದಲಿಗೆ ಶಾವಿಗೆಯ ಎಳೆ ಅಂಟಿತ್ತು. "ಹೊರಡಿ," ಎಂದಳು ಮತ್ತೊಮ್ಮೆ, ಇನ್ನೂ ಮೆಲ್ಲಗೆ. ಏನೂ ಅವಸರವಿಲ್ಲದ ಹಾಗೆ ಅದು ಪೊದೆಗಳ ನಡುವೆ ಇಳಿದು ಹೋಯಿತು.

"ಅಮ್ಮಾ, ಹೂ ಆರ್ ಯು ಟಾಕಿಂಗ್ ಟು?"

"ಯಾರೂ ಇಲ್ಲ. ಹೊರಗೆ ಬರಬೇಡ, ಚಳಿ ಇದೆ."

ಜಯಸಿಂಹ ಗುಡ್ಡ ಇಳಿದು ಬಂದಾಗ ತಾಯಿ ಮಗಳು ಕಾರಿನೊಳಗೆ ಕೂತಿದ್ದರು. ಬೆವರಿ, ಹುಡುಗನ ಹಾಗೆ ನಗುತ್ತಿದ್ದ. ನೆಲದ ಮೇಲಿನ ಬರಿತಟ್ಟೆ ಎತ್ತಿಕೊಂಡು ಕಾಗೆ ಬಂತಾ ಎಂದು ಕೇಳಿದ. ಇಂದುಮತಿ ಹೌದೆಂಬಂತೆ ತಲೆಯಾಡಿಸಿದಳು.

"ಸಿಗರೇಟ್ ಮಾತ್ರ ಬಿಟ್ಟಿದಾರೆ ನೋಡು. ಮಾವ ಕೊನೆಗೂ ಡಾಕ್ಟ್ರ ಮಾತು ಕೇಳ್ದಂಗಿದೆ."

ಚಳಿಯ ನೆಪ ಹೇಳಿ ಕಾರಿನಲ್ಲೇ ಬಡಿಸಿದಳು. ಅಪ್ಪ ಮಗಳು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಅವಳು ತನ್ನ ತಟ್ಟೆ ಮುಟ್ಟದೆ ಪೊದೆಗಳ ಕಡೆ ನೋಡುತ್ತ ಕೂತಳು. ಹೇಳಿದರೆ ಅದನ್ನು ಕೊಲ್ಲುತ್ತಾರೆ. ತನ್ನ ಕೈಯಡುಗೆ ಉಂಡು, ಹೋಗಿ ಎಂದಾಗ ಹೋದದ್ದು. ಹೇಳದಿದ್ದರೂ ಆಯಿತು, ಇನ್ನರ್ಧ ಗಂಟೆಯಲ್ಲಿ ತಾವು ಇಲ್ಲಿರುವುದಿಲ್ಲ. ಟೆಂಟು ಮಡಚುವಾಗ ಒದ್ದೆಯಾಗಿದ್ದ ಒಂದು ಜಾಗವನ್ನು ಅವಳು ಒಳಮಗ್ಗುಲಿಗೆ ಹಾಕಿ ಸುತ್ತಿದಳು. ಅಷ್ಟರಲ್ಲಿ ಪಕ್ಕದ ಜಾಗಕ್ಕೆ ಒಂದು ವ್ಯಾನು ಬಂದು ನಿಂತಿತು. ಇಬ್ಬರು ಸಣ್ಣ ಮಕ್ಕಳು ಧುಮುಕಿ, ತಮ್ಮ ಟೆಂಟಿನ ಕೋಲುಗಳಿಗಾಗಿ ಜಗಳ ಶುರುಮಾಡಿದರು.

ಗೇಟಿನ ಹತ್ತಿರ ಇಂದುಮತಿ, "ನಿಲ್ಲಿಸ್ರೀ," ಎಂದು ಇಳಿದು ರೇಂಜರ್ ಹತ್ತಿರ ನಡೆದಳು.

ಏನು ಮರೆತೆ ಎಂದು ಕೇಳುತ್ತ ಜಯಸಿಂಹ ಹಿಂದೆಯೇ ಬಂದ. ಅವನಿಗೆ ವಿಷಯ ತಿಳಿದದ್ದು ಹಾಗೆ, ಹೆಂಡತಿಯ ಬೆನ್ನ ಹಿಂದೆ ನಿಂತು, ಅವಳ ತಡವರಿಸುವ ಇಂಗ್ಲಿಷಿನಲ್ಲಿ. ತಪ್ಪು ತನ್ನದು, ಊಟ ಇಟ್ಟದ್ದು ತಾನು, ನಮ್ಮಲ್ಲಿ ಸತ್ತವರಿಗೆ ಇಡುತ್ತೇವೆ ಎಂದು ಅವಳು ಹೇಳುತ್ತಿದ್ದಳು. ರೇಂಜರ್ ಬರೆದುಕೊಂಡಳು. ಎಷ್ಟು ದೊಡ್ಡದು, ಕಿವಿಯಲ್ಲಿ ಗುರುತಿನ ಬಿಲ್ಲೆ ಇತ್ತೇ, ಹೇಗೆ ಓಡಿಸಿದಿರಿ?

"ಐ ಟೋಲ್ಡ್ ಹಿಮ್ ಟು ಗೋ."

ರೇಂಜರ್ ಪೆನ್ನು ನಿಲ್ಲಿಸಿ ಒಂದು ಕ್ಷಣ ಅವಳ ಮುಖ ನೋಡಿದಳು.

"ವಿಲ್ ಯು ಕಿಲ್ ಹಿಮ್?"

ಈಗಲೇ ಹೇಳಲಾಗುವುದಿಲ್ಲ ಎಂದಳು ರೇಂಜರ್. ಇದೇ ಮೊದಲ ಸಲ ಬಂದದ್ದಾದರೆ ಹಿಡಿದು ದೂರ ಬಿಟ್ಟು ನೋಡುತ್ತಾರೆ. ಹೇಳಿದ್ದು ಒಳ್ಳೆಯದಾಯಿತು ಎಂದೂ ಸೇರಿಸಿದಳು. ಇಂದುಮತಿಗೆ ಅದು ಒಳ್ಳೆಯದೆನಿಸಲಿಲ್ಲ.

ಕಾರು ಬಹಳ ದೂರ ಬಂದಿತ್ತು. ಜಾನ್ವಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?" ಜಯಸಿಂಹ ಕೇಳಿದ.

"ಕಾಗೆ ಬಂತಾ ಅಂತ ಕೇಳಿದ್ರಿ. ಎಡೆ ಮುಟ್ತು ಅಂತ ಬೇರೆ ಹೆಂಗೆ ಹೇಳ್ಬೇಕೋ ಗೊತ್ತಾಗ್ಲಿಲ್ಲ."

ಎದುರಿನಿಂದ ಪಾರ್ಕಿನ ಕಡೆಗೆ ಒಂದು ಟ್ರಕ್ಕು ಬಂತು. ಹಿಂದೆ ಗಾಲಿಯ ಮೇಲೆ ಮೋರಿಯ ಪೈಪಿನಂಥ ದೊಡ್ಡ ಕಬ್ಬಿಣದ ಕೊಳವೆಯನ್ನು ಎಳೆದುಕೊಂಡು ಹೋಗುತ್ತಿತ್ತು. ಒಂದು ತುದಿಗೆ ಜಾಲರಿ, ಇನ್ನೊಂದಕ್ಕೆ ಬೋನಿನ ಹಾಗೆ ಮೇಲಿಂದ ಬೀಳುವ ಬಾಗಿಲು. ಇಂದುಮತಿ ತಿರುಗಿ ನೋಡಲಿಲ್ಲ. ಕೈ ಹಿಂದಕ್ಕೆ ಚಾಚಿ ಮಗಳ ಪಾದ ಹುಡುಕಿ, ಕಾಲುಚೀಲದ ಮೇಲಿಂದಲೇ ಹಿಡಿದುಕೊಂಡಳು. ಕತ್ತಲಾಗುವವರೆಗೂ ಬಿಡಲಿಲ್ಲ.

ಆ ಕೊಳವೆ ಎಲ್ಲಿಗೆ ಹೋಯಿತು, ಅದರೊಳಗೆ ಏನಾದರೂ ಸಿಕ್ಕಿತೇ, ಸಿಕ್ಕಿದ್ದರೆ ಏನು ಮಾಡಿದರು, ತಿಳಿಯದು.